ಕತ್ತಿಗೆ ಕೊರಳೊಡ್ಡುವ ಮುನ್ನ

ಬದನೆಕಾಯಿ ಕೊಳ್ಳುವಾಗ ಹುಳುಕಿದೆಯೇ ಎಂದು ತಿರುಗಿಸಿ ನೋಡುತ್ತೀರಿ. ಬಟ್ಟೆ ಕೊಳ್ಳುವಾಗ ಬಣ್ಣ ಬಿಡುವುದೇ ಎಂದು ನಾಲ್ಕು ಸಲ ವಿಚಾರಿಸುತ್ತೀರಿ. ಆದರೆ ಹರಿತವಾದ ಅಲಗಿಗೆ ಕೊರಳೊಡ್ಡುವ ಸಮಯದಲ್ಲಿ ಮಾತ್ರ ಯಾವ ಅಂಗಡಿಯಲ್ಲಿ ಕುರ್ಚಿ ಬರಿದಾಗಿದೆಯೋ ಅಲ್ಲಿಗೆ ಹೋಗಿ ಕುಳಿತುಬಿಡುತ್ತೀರಿ. ಇದು ಸರಿಯೇ?

ಕ್ಷೌರ ಕೆಟ್ಟರೆ ಏನು ಮಹಾ ನಷ್ಟ ಎನ್ನಬಹುದು. ತಲೆಗೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಕೆಟ್ಟ ಕ್ರಾಪು ಒಂದೆರಡು ತಿಂಗಳಲ್ಲಿ ಮರೆತುಹೋಗುತ್ತದೆ. ಆದರೆ ಕೆಟ್ಟ ಬ್ಲೇಡಿನ ಮಾತು ಹಾಗಲ್ಲ.

ಹಿಂದೆ ಕ್ಷೌರಿಕರು ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಬರುತ್ತಿದ್ದರು. ಒಂದೇ ಕತ್ತಿಯನ್ನು ಕಲ್ಲಿನ ಮೇಲೆ ಮಸೆದು, ತೊಗಲಿನ ಮೇಲೆ ತೀಡಿ, ಕೇರಿಯವರಿಗೆಲ್ಲ ಅದರಿಂದಲೇ ಕ್ಷೌರ ಮಾಡುತ್ತಿದ್ದರು. ಈಗ ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸುವ ಪದ್ಧತಿ ಬಂದಿದೆ. ಒಬ್ಬರಿಗೆ ಒಂದು ತುಂಡು ಎಂಬುದೇ ಇದರ ಗುಣ. ಒಬ್ಬರಿಗೆ ಬಳಸಿದ ತುಂಡನ್ನೇ ಮತ್ತೊಬ್ಬರಿಗೂ ಬಳಸಿದರೆ ಹಳೆಯ ಕತ್ತಿಗೂ ಇದಕ್ಕೂ ಭೇದವೇನು ಬಂತು?

ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಎಂಬ ರೋಗದ ವೈರಸ್ಸು ದೇಹದ ಹೊರಗೂ ೭ ದಿನಗಳವರೆಗೆ ಜೀವದಿಂದಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೂ ಅದಕ್ಕೆ ಸಾಕು. ಆದುದರಿಂದ ಬ್ಲೇಡು ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಶುದ್ಧವಾಯಿತೆಂದು ತಿಳಿಯಬಾರದು. ನೀರಿನಲ್ಲಿ ಅದ್ದಿ ತೆಗೆದರೆ ಸೋಪು ಹೋದೀತು, ರೋಗ ಹೋಗದು. ಗಾಯದ ಮೇಲೆ ಉಜ್ಜುವ ಪಟಿಕದ ಕಲ್ಲಿನದೂ ಇದೇ ಕಥೆ. ಬೆಳಗಿನಿಂದ ಎಷ್ಟು ಗಲ್ಲಗಳನ್ನು ಅದು ಸವರಿದೆಯೋ ಬಲ್ಲವರಾರು? ಬೇಕಿದ್ದರೆ ನಿಮ್ಮದೇ ಒಂದು ಪಟಿಕದ ತುಂಡನ್ನು ಜೊತೆಯಲ್ಲಿ ಒಯ್ಯಿರಿ.

ಬ್ಲೇಡಿನ ನಂತರ ಬಾಚಣಿಗೆ, ಟವಲು, ಕೂದಲು ಕತ್ತರಿಸುವ ಮಿಷನ್ನು, ಇವನ್ನು ಗಮನಿಸಿರಿ. ಹುಳುಕಡ್ಡಿ ಇವುಗಳ ಮೂಲಕ ತಲೆಯಿಂದ ತಲೆಗೆ ದಾಟುತ್ತದೆ; ಮಕ್ಕಳಿಗೆ ಬೇಗ ತಗಲುತ್ತದೆ. ಕೂದಲಿಗೆ ಬಣ್ಣ ಹಾಕಿಸುವವರು ಎರಡು ದಿನ ಮೊದಲೇ ಅದನ್ನು ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ನೋಡುವುದು ಒಳ್ಳೆಯದು; ಕೆಲವರ ಮೈಗೆ ಅದು ಒಗ್ಗುವುದಿಲ್ಲ.

ಇನ್ನು ಕೊನೆಯಲ್ಲಿ ತಲೆಯನ್ನು ಹಿಡಿದು ಲಟಕ್ಕೆಂದು ತಿರುಗಿಸುವ ಉಪಚಾರವೊಂದುಂಟು. ಹಿತವೆನಿಸಬಹುದು, ಆದರೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಇವೆ. ಹಠಾತ್ತಾಗಿ ತಿರುವಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಡಿದದ್ದುಂಟು. ಅಪರೂಪವೇ ನಿಜ, ಆದರೂ ನಗುನಗುತ್ತಲೇ ಬೇಡವೆನ್ನಿರಿ.

ಹಾಗಾದರೆ ಒಳ್ಳೆಯ ಕ್ಷೌರಿಕರನ್ನು ಗುರುತಿಸುವುದು ಹೇಗೆ? ಭಾನುವಾರದ ನೂಕುನುಗ್ಗಲಿನಲ್ಲಿ ಇದು ತಿಳಿಯದು. ಮಂಗಳವಾರ ನಮ್ಮಲ್ಲಿ ಬಹುಪಾಲು ಅಂಗಡಿಗಳಿಗೆ ರಜೆ. ಬುಧವಾರವೋ ಗುರುವಾರವೋ ಹೋಗಿ, ಬೆಂಚಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತಿರಿ. ಹಿಂದಿನವರು ಎದ್ದ ಮೇಲೆ ಅವರು ಕೈ ತೊಳೆದರೇ? ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರಿನಲ್ಲೇ ಕಾಗದದಿಂದ ಬಿಚ್ಚಿದರೇ? ತಲೆಯ ಸುಳಿ ನೋಡಿ, ಎಷ್ಟು ತೆಗೆಯಬೇಕೆಂದು ಕೇಳಿ, ಮೊದಲು ಕಡಿಮೆಯಾಗಿಯೇ ಕತ್ತರಿಸಿದರೇ? ಹೌದಾದರೆ ಅವರನ್ನು ಬಿಡಬೇಡಿ.

ಮತ್ತೊಂದನ್ನೂ ನೋಡಿರಿ: ಆ ಕುರ್ಚಿ ಎಲ್ಲರಿಗೂ ಉಂಟೇ? ಜಾತಿ ಕೇಳಿ ಕ್ಷೌರ ನಿರಾಕರಿಸುವ ಊರುಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ. ಅಸ್ಪೃಶ್ಯತೆಯ ಕಾರಣದಿಂದ ಅಂಗಡಿಗೆ ಬಾರದಂತೆ ತಡೆಯುವುದು ೧೯೫೫ರ ಕಾಯಿದೆಯ ಪ್ರಕಾರ ಅಪರಾಧ. ಎಷ್ಟೋ ಕಡೆ ಕ್ಷೌರಿಕರು ಹಾಗೆ ಮಾಡುವುದು ಉಳಿದ ಗಿರಾಕಿಗಳು ಬಿಟ್ಟುಹೋದಾರೆಂಬ ಅಂಜಿಕೆಯಿಂದ. ಆ ಗಿರಾಕಿಗಳಲ್ಲಿ ನಾವೂ ನೀವೂ ಇದ್ದೇವೆ. ಎಲ್ಲರನ್ನೂ ಕೂರಿಸುವ ಅಂಗಡಿಗೇ ಹೋಗುತ್ತೇನೆಂದು ನೀವು ನಿಶ್ಚಯಿಸಿದರೆ ಆ ಅಂಜಿಕೆಯ ಬುಡವೇ ಸಡಿಲವಾಗುತ್ತದೆ.

ಶುದ್ಧ ಟವಲಿಗೂ ಹೊಸ ಬ್ಲೇಡಿಗೂ ಖರ್ಚುಂಟು. ನಾಲ್ಕು ಕಾಸು ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ಮುಂದಿನ ಸಲ ಕುರ್ಚಿಯಲ್ಲಿ ಕುಳಿತೊಡನೆ, ಸಂಕೋಚವಿಲ್ಲದೆ, ಮರ್ಯಾದೆಯಿಂದ ಒಂದು ಮಾತು ಹೇಳಿರಿ: “ಅಣ್ಣಾ, ಹೊಸ ಬ್ಲೇಡು ಹಾಕಿ.” ಒಳ್ಳೆಯ ಕೆಲಸಗಾರರಿಗೆ ಈ ಮಾತಿನಿಂದ ಕೋಪ ಬರುವುದಿಲ್ಲ.