ಬ್ಯಾಡ್ಜರ್‌ನ ಬಾಳು ಎರೆಹುಳುವಿನ ಮೇಲೆ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಪಕ್ಕದಲ್ಲಿ ವೈತಮ್ ಎಂಬ ಕಾಡಿದೆ. ಮಳೆ ಬಿದ್ದು ನಿಂತ, ಗಾಳಿಯಿಲ್ಲದ ರಾತ್ರಿಯೆಂದರೆ ಅಲ್ಲಿನ ಬ್ಯಾಡ್ಜರ್‌ಗಳಿಗೆ ಹಬ್ಬ. ಬಿಳಿ ಮುಖದ ಮೇಲೆ ಎರಡು ಕಪ್ಪು ಪಟ್ಟೆಗಳಿರುವ, ಸುಮಾರು 10 ಕಿಲೋ ತೂಗುವ ಈ ಪ್ರಾಣಿ ಬಿಲ ಬಿಟ್ಟು ಹುಲ್ಲುಗಾವಲಿಗೆ ಇಳಿಯುತ್ತದೆ. ನೀರುನಾಯಿಯ, ನಮ್ಮ ತರಕರಡಿಯ ಕುಟುಂಬಕ್ಕೆ ಸೇರಿದ್ದರೂ ಅದು ಹುಡುಕುವುದು ದೊಡ್ಡ ಬೇಟೆಯನ್ನಲ್ಲ, ಎರೆಹುಳುವನ್ನು.

ಇಂಥ ರಾತ್ರಿ ದೊಡ್ಡ ಜಾತಿಯ ಎರೆಹುಳುಗಳು ಮೇಲೆ ಬರುತ್ತವೆ. ಬಾಲದ ತುದಿಯನ್ನಷ್ಟೇ ಬಿಲದಲ್ಲಿ ಊರಿಕೊಂಡು ಮೈಯನ್ನು ಹುಲ್ಲಿನ ಮೇಲೆ ಚಾಚುತ್ತವೆ. ನೆಲ ಅದುರಿದರೆ ಸರ್ರನೆ ಒಳಗೆ. ಬ್ಯಾಡ್ಜರ್ ಮೂಗನ್ನು ನೆಲಕ್ಕೆ ತಾಗಿಸಿಕೊಂಡು ಮೆಲ್ಲಗೆ ನಡೆಯುತ್ತದೆ. ಹುಳು ಸಿಕ್ಕಿತೋ, ಮುಂಬಲ್ಲಿನಿಂದ ಹಿಡಿದು ಒಂದೇ ಹದದಲ್ಲಿ ಎಳೆಯುತ್ತದೆ. ಹುಳುವಿನ ಮೈಯ ಬಿರುಗೂದಲುಗಳು ಬಿಲದ ಗೋಡೆಯನ್ನು ಕಚ್ಚಿಕೊಂಡಿರುತ್ತವೆ. ಥಟ್ಟನೆ ಜಗ್ಗಿದರೆ ತುಂಡಾಗಿ ಅರ್ಧ ಹುಳು ಮಣ್ಣಿನಲ್ಲೇ ಉಳಿದೀತು. ಅನುಕೂಲದ ರಾತ್ರಿಯಲ್ಲಿ ಒಂದು ಬ್ಯಾಡ್ಜರ್ ನೂರಾರು ಹುಳು ತಿನ್ನಬಲ್ಲದು.

ಈ ಬಿರುಗೂದಲು ಜೀರ್ಣವಾಗುವುದಿಲ್ಲ. ಹಾಗಾಗಿ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಊಟದ ಲೆಕ್ಕ ಸಿಗುತ್ತದೆ. 1970ರ ದಶಕದಲ್ಲಿ ವೈತಮ್‌ನಲ್ಲಿ ಬ್ಯಾಡ್ಜರ್‌ಗಳನ್ನು ಅಭ್ಯಸಿಸಿದ ಹ್ಯಾನ್ಸ್ ಕ್ರೂಕ್ ಇನ್ನೊಂದು ಒಗಟನ್ನೂ ಬಿಡಿಸಲು ಹೊರಟರು. ಒಂದೇ ಬಿಲದಲ್ಲಿ ಗುಂಪಾಗಿ ಬಾಳುವ ಪ್ರಾಣಿ ಬೇಟೆಗೆ ಮಾತ್ರ ಒಂಟಿಯಾಗಿ ಹೋಗುವುದೇಕೆ? ಅವರು ಕೊಟ್ಟ ಕಾರಣ ಹೀಗಿದೆ: ಹುಳು ಎಲ್ಲ ಕಡೆ ಸಮನಾಗಿ ಸಿಗುವುದಿಲ್ಲ, ಗಾಳಿ, ತೇವ ಬದಲಾದಂತೆ ಸಿಗುವ ಜಾಗವೂ ಬದಲಾಗುತ್ತದೆ. ಸಿಕ್ಕಲ್ಲಿ ಮಾತ್ರ ಹಲವರಿಗೆ ಸಾಲುವಷ್ಟಿರುತ್ತದೆ. ಒಂದೇ ನೆಲವನ್ನು ಹಂಚಿಕೊಂಡರೂ ಯಾರಿಗೂ ಕೊರತೆಯಿಲ್ಲ. ಹುಳು ಹಿಡಿಯಲು ಜೊತೆಯೂ ಬೇಕಿಲ್ಲ.

ಹುಳು ಸಿಗದಿದ್ದಾಗ ದುಂಬಿ, ಕಣಜದ ಗೂಡು, ಮೊಲದ ಮರಿ, ಹಣ್ಣು, ಗೋಧಿ, ಮೆಕ್ಕೆಜೋಳ ಯಾವುದೂ ಆದೀತು. ಅಗಲವಾದ ದವಡೆ ಹಲ್ಲುಗಳು ಎಲ್ಲವನ್ನೂ ಅರೆಯುತ್ತವೆ. ಸ್ಪೇನಿನ ದೊನ್ಯಾನಾದಲ್ಲಿ ಮೊಲದ ಮರಿಗಳೇ ಮುಖ್ಯ ಊಟ. ಇಟಲಿಯ ಮೊಂಟೆ ಬಾಲ್ಡೊ ಬೆಟ್ಟದಲ್ಲಿ ಆಲಿವ್ ಹಣ್ಣು.

ಆದರೂ ಬ್ರಿಟನ್ನಿನಲ್ಲಿ ಬೇಸಿಗೆ ಒಣಗಿ ನೆಲ ಗಟ್ಟಿಯಾದರೆ ಹುಳುಗಳು ಆಳಕ್ಕೆ ಇಳಿಯುತ್ತವೆ. ಬ್ಯಾಡ್ಜರ್ ಮರಿಗಳು ಹಸಿವಿನಿಂದ ಸಾಯುತ್ತವೆ. ಎರೆಹುಳು ರೈತನ ಮಿತ್ರ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಕಾಡುಪ್ರಾಣಿಯ ಅನ್ನವೂ ಹೌದು. ಮಣ್ಣಿನ ತೇವ ಉಳಿದರಷ್ಟೇ ಆ ಅನ್ನ ಉಳಿಯುತ್ತದೆ.