ಬರೆದಿಟ್ಟ ಎರಡು ಪದಗಳು

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಊರೊಂದರ ಸಭಾಭವನದಲ್ಲಿ ನೆಲದಡಿಯ ನೀರಿನ ಪೈಪು ಒಡೆಯಿತು. ಅದು ಎಲ್ಲಿ ಹಾದುಹೋಗಿದೆಯೆಂದು ಸಮಿತಿಯ ಒಬ್ಬರಿಗೂ ತಿಳಿಯದು. ನಕ್ಷೆಯನ್ನು ಇಟ್ಟುಕೊಂಡಿದ್ದವರು ವರ್ಗವಾಗಿ ಹೋಗಿದ್ದರು; ಖರ್ಚಿನ ಚೀಟಿಗಳು ಮತ್ತೊಬ್ಬರ ಮನೆಯ ಕಪಾಟಿನಲ್ಲಿದ್ದವು. ಕೊನೆಗೆ ಮೂರು ಸಾಲು ಶಹಾಬಾದ್ ಕಲ್ಲುಗಳನ್ನು ಎಬ್ಬಿಸಿ ಹುಡುಕಬೇಕಾಯಿತು. ಎಲ್ಲರೂ ಪ್ರಾಮಾಣಿಕವಾಗಿ ದುಡಿದವರೇ. ಆದರೆ ಹತ್ತು ಜನರಿಗೆ ಬೇಕಾದ ತಿಳಿವಳಿಕೆ ಒಬ್ಬರಲ್ಲೇ ಉಳಿದಿತ್ತು. ಲೆಕ್ಕ ಕೇಳಿದಾಗ ಮೂಡಿದ ಅನುಮಾನ ಮಾತ್ರ ಪೈಪು ಸರಿಯಾದ ಮೇಲೂ ಬಹುಕಾಲ ಹೋಗಲಿಲ್ಲ.

ಈ ಪ್ರಸಂಗ ನೆನಪಾದಾಗಲೆಲ್ಲ ನಮ್ಮ ಮನಸ್ಸು ಚಿತ್ತಾಪುರ ತಾಲ್ಲೂಕಿನ ಭೀಮಾತೀರದ ಸನ್ನತಿಯತ್ತ ಹೊರಳುತ್ತದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ತಿಳಿದುಬಂದಿತು. ಮೂರ್ತಿಯನ್ನು ನಿಲ್ಲಿಸಲು ಅದರ ನಡುವೆ ಚೌಕವಾಗಿ ಕೊರೆದಿದ್ದರು. ಶಾಸನವೇನೋ ಉಳಿದಿತ್ತು, ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಸಮೀಪದ ಕನಗನಹಳ್ಳಿಯ ಕಥೆ ಬೇರೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯು ಅಲ್ಲಿ ಬೌದ್ಧ ಸ್ತೂಪವೊಂದರ ಅವಶೇಷಗಳನ್ನು ಹೊರತೆಗೆಯಿತು. ದೊರೆಯೊಬ್ಬನ ಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದಿದೆ. ಈ ಎರಡು ಪದಗಳಿಲ್ಲದಿದ್ದರೆ ಅವನು ನಮಗೆ ಯಾರೋ ಒಬ್ಬ ಅರಸನಾಗಿಯೇ ಉಳಿಯುತ್ತಿದ್ದನು. ಉತ್ಖನನದ ನಿಯಮವೂ ಇದನ್ನೇ ಹೇಳುತ್ತದೆ. ಒಮ್ಮೆ ತೆಗೆದ ಮಣ್ಣಿನ ಪದರವನ್ನು ಮರಳಿ ಹಾಸಲಾಗದು. ಆದುದರಿಂದ ಯಾವ ತುಣುಕು ಎಲ್ಲಿ, ಎಷ್ಟು ಆಳದಲ್ಲಿ ದೊರೆಯಿತೆಂದು ಅಂದೇ ಸಂಖ್ಯೆಯೊಡನೆ ದಾಖಲಿಸಬೇಕು. ಉತ್ಖನನದ ವಿವರವಾದ ವರದಿಯನ್ನು ಕೆ.ಪಿ. ಪೂಣಚ್ಚ ಅವರು ಬರೆದರು. ಅಲ್ಲಿಯ ಶಾಸನಗಳ ಕುರಿತ ಗ್ರಂಥವೊಂದು 2014ರಲ್ಲಿ ದೂರದ ಜಪಾನಿನಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಯ ಕಲ್ಲು ಲೋಕದ ವಿದ್ವಾಂಸರಿಗೆ ಎಟುಕಿದ್ದು ಹೀಗೆ.

ಬರವಣಿಗೆಯು ಮರೆವನ್ನು ತರುವುದೆಂಬ ಆಕ್ಷೇಪ ಪ್ಲೇಟೋವಿನ ‘ಫೀಡ್ರಸ್’ ಸಂವಾದದಲ್ಲಿದೆ. ಒಬ್ಬನ ಜ್ಞಾನದ ಮಟ್ಟಿಗೆ ಅದು ಚಿಂತನಾರ್ಹ. ಆದರೆ ಹಲವರು ಕೂಡಿ ಮಾಡುವ ಕಾರ್ಯದಲ್ಲಿ ನೆನಪು ಒಬ್ಬನ ಸೊತ್ತಾಗಬಾರದು.

ಸೇಡಂ, ವಾಡಿಗಳಂತಹ ಕಾರ್ಖಾನೆಯ ಊರುಗಳಲ್ಲಿ ಜನರು ಬರುವುದೂ ಹೋಗುವುದೂ ಸಹಜ. ಶಹಾಬಾದಿನ ಸಂಘವಾಗಲಿ, ಚಿಂಚೋಳಿಯ ಯುವಕರ ತಂಡವಾಗಲಿ, ಕೆಲಸ ಆರಂಭಿಸುವ ದಿನವೇ ಒಂದು ದಫ್ತರವನ್ನು ತೆರೆಯಲಿ. ಏನು ತೀರ್ಮಾನವಾಯಿತು, ಯಾವ ದಿನ, ಯಾರ ಹೊಣೆ, ನಂತರ ಬದಲಾದುದೇನು ಎಂಬುದನ್ನು ಅದರಲ್ಲಿ ಬರೆಯಲಿ. ನಕ್ಷೆ, ರಸೀದಿಗಳಿಗೆ ಹೆಸರು, ತಾರೀಖು ಹಾಕಿ ಒಂದೆಡೆ ಇಡಲಿ; ಪ್ರತಿ ಮತ್ತೊಂದೆಡೆ ಇರಲಿ. ವಾಟ್ಸಾಪಿನಲ್ಲಿ ಕಳುಹಿಸಿದರೆ ಸಾಕೆನ್ನುವವರು, ಆರು ತಿಂಗಳ ಹಿಂದಿನ ಒಂದು ಚಿತ್ರವನ್ನು ಅಲ್ಲಿ ಹುಡುಕಿ ನೋಡಲಿ. ದಫ್ತರವನ್ನು ನೋಡಿಕೊಳ್ಳುವವರು ಒಬ್ಬರಿರಲಿ, ಆದರೆ ತೆರೆದು ನೋಡುವ ಹಕ್ಕು ಎಲ್ಲರಿಗೂ ಇರಲಿ.

ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಬರೆದಿಡುವುದು ಗುಮಾಸ್ತಿಕೆಯೂ ಅಲ್ಲ. ನಾವು ಕಾಣದ ಮುಂದಿನವರ ಮೇಲೆ ನಮಗಿರುವ ಪ್ರೀತಿಗೆ ಅದೂ ಒಂದು ರೂಪ. ಆ ಶಿಲ್ಪದ ಮೇಲೆ ಎರಡು ಪದಗಳನ್ನು ಕೊರೆದವನ ಹೆಸರು ನಮಗೆ ಗೊತ್ತಿಲ್ಲ; ಅವನ ಉಪಕಾರ ಮಾತ್ರ ಇಂದಿಗೂ ಸಲ್ಲುತ್ತಿದೆ.