ವೃತ್ತಿ ನಾಟಕ ಮಂಡಳಿಗಳೂ ಕನ್ನಡ ನಟರ ಜೀವನಮಾರ್ಗವೂ

೧

ಕನ್ನಡ ನಾಟಕದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೃತಿಗಳನ್ನೂ ಕರ್ತೃಗಳನ್ನೂ ಕುರಿತು ವಿಚಾರಮಾಡಿದ್ದಾರೆ. ನಾಟಕವನ್ನು ಆಡಿದವರ ಪ್ರಸ್ತಾಪ ಬಂದಾಗ ಒಬ್ಬಿಬ್ಬರು ಪ್ರಸಿದ್ಧ ನಟರ ಹೆಸರನ್ನು ಹೇಳಿ, ಅವರ ಕಂಠಮಾಧುರ್ಯವನ್ನೋ ಹಾಸ್ಯಚಾತುರ್ಯವನ್ನೋ ಕೊಂಡಾಡಿ ಮುಂದೆ ಸಾಗುವುದು ವಾಡಿಕೆ. ಚಲಚ್ಚಿತ್ರದ ಚರಿತ್ರೆಯಲ್ಲಂತೂ ನಟನು ಯಾವುದೋ ಒಂದು ಚಿತ್ರದಿಂದ ಹಠಾತ್ತಾಗಿ ಉದಯಿಸಿದವನಂತೆ ವರ್ಣಿತನಾಗುತ್ತಾನೆ. ಅವನು ಯಾವ ವಯಸ್ಸಿನಲ್ಲಿ ಈ ವೃತ್ತಿಗೆ ಬಂದನು, ಯಾರಿಂದ ಏನನ್ನು ಕಲಿತನು, ಯಾವ ಮೆಟ್ಟಿಲುಗಳನ್ನು ಹತ್ತಿದನು ಎಂಬ ಪ್ರಶ್ನೆಗಳು ಈ ಎರಡು ಬಗೆಯ ಬರವಣಿಗೆಯಲ್ಲಿಯೂ ಮರೆಯಾಗುತ್ತವೆ. ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಂದು ಅಂಶವು ಸ್ಪಷ್ಟವಾಗುತ್ತದೆ: ಸಂಚಾರೀ ನಾಟಕ ಮಂಡಳಿಯು ಬರಿಯ ವಿನೋದದ ವ್ಯಾಪಾರವಾಗಿರಲಿಲ್ಲ. ನಾಟಕವನ್ನು ಜೀವನೋಪಾಯವಾಗಿ ಹಿಡಿದವರಿಗೆ ಬಹುಕಾಲ ವಿದ್ಯಾಶಾಲೆಯೂ ಅದೇ ಆಗಿತ್ತು, ಆಶ್ರಯವೂ ಅದೇ ಆಗಿತ್ತು.

೨

ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ೧೮೮೪ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಸ್ಥಾಪಿತವಾಯಿತು. ಇದರ ಕೀರ್ತಿಗೆ ಕಾರಣರಾದ ವೀರಣ್ಣನವರು ೧೮೯೧ರಲ್ಲಿ ಹುಟ್ಟಿದವರು. ಅವರು ಸಂಘದ ಸ್ಥಾಪಕರಲ್ಲ. ಬಾಲ್ಯದಲ್ಲಿ ಬಾಲನಟರಾಗಿ ಅಲ್ಲಿಗೆ ಬಂದು, ಅಲ್ಲಿಯೇ ಬೆಳೆದು, ೧೯೧೭ರಲ್ಲಿ ಅದರ ಮಾಲೀಕರಾದರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದ ಈ ಹಾಸ್ಯನಟರು ೧೯೩೪ರಲ್ಲಿ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳ ಸಮೇತ ರಂಗಕ್ಕೆ ತಂದರು. ಬಾಲನಟನು ಮಾಲೀಕನಾಗುವ ಈ ಏರಿಕೆಯು ಕಂಪೆನಿಯ ಜೀವನದಲ್ಲಿ ನಟನೊಬ್ಬನು ಆಶಿಸಬಹುದಾಗಿದ್ದ ಪರಮಾವಧಿ.

ಆ ಏರಿಕೆಯ ಮೊದಲ ಮೆಟ್ಟಿಲು ಬಹಳ ತಗ್ಗಿನಲ್ಲಿತ್ತು. ಕಂಪೆನಿಗೆ ಸೇರಿದ ಹುಡುಗನಿಗೆ ಊಟವೂ ವಸತಿಯೂ ದೊರೆಯುತ್ತಿದ್ದುವು. ತಾಲೀಮಿನಲ್ಲಿ ಹಾರ್ಮೋನಿಯಂ ಮಾಸ್ತರರ ಬಳಿ ಹಾಡನ್ನೂ ಹಿರಿಯ ನಟರ ಬಳಿ ಮಾತಿನ ಏರಿಳಿತವನ್ನೂ ಕಲಿಯುತ್ತಿದ್ದನು. ಪ್ರಹ್ಲಾದ, ಧ್ರುವ, ಲೋಹಿತಾಶ್ವ ಮೊದಲಾದ ಪಾತ್ರಗಳು ಅವನ ಪಾಲಿಗೆ ಬರುತ್ತಿದ್ದುವು. ಸೈಡ್ ವಿಂಗಿನಲ್ಲಿ ನಿಂತು ರಾತ್ರಿರಾತ್ರಿಯೂ ನಾಟಕವನ್ನು ನೋಡುತ್ತ ಎಲ್ಲರ ಮಾತುಗಳೂ ಅವನಿಗೆ ಬಾಯಿಪಾಠವಾಗುತ್ತಿದ್ದುವು. ಯಾವನಾದರೂ ನಟನು ಕಾಯಿಲೆ ಬಿದ್ದ ದಿನ ಈ ಬಾಯಿಪಾಠವೇ ಅವನನ್ನು ಮುಂದಿನ ಮೆಟ್ಟಿಲಿಗೆ ಏರಿಸುತ್ತಿತ್ತು. ಲಿಖಿತವಾದ ಪಾಠಕ್ರಮವಾಗಲಿ ಪರೀಕ್ಷೆಯಾಗಲಿ ಇರಲಿಲ್ಲ. ಟಿಕೆಟ್ಟು ಕೊಂಡು ಬಂದ ಪ್ರೇಕ್ಷಕರೇ ಪರೀಕ್ಷಕರು.

೩

ಈ ಮಾರ್ಗದಲ್ಲಿ ಎಲ್ಲಕ್ಕಿಂತ ಅಪಾಯಕರವಾದ ತಿರುವು ಕಂಠ ಒಡೆಯುವ ಕಾಲ. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ದಿನಗಳಲ್ಲಿ ಇಂಪಾದ ಕಂಠದ ಹುಡುಗನು ಕಂಪೆನಿಯ ದೊಡ್ಡ ಆಸ್ತಿಯಾಗಿದ್ದನು. ಕಂಠ ಬದಲಾದೊಡನೆ ಆ ಆಸ್ತಿ ಕರಗಿಹೋಗುತ್ತಿತ್ತು. ಆಗ ಅವನು ಪುರುಷಪಾತ್ರಗಳಲ್ಲಿ ಹೊಸದಾಗಿ ಹೆಸರನ್ನು ಗಳಿಸಬೇಕಾಗಿತ್ತು. ಇಲ್ಲವೇ ಪರದೆ, ಬಣ್ಣ, ವಾದ್ಯ, ವ್ಯವಸ್ಥೆ ಮೊದಲಾದ ತೆರೆಮರೆಯ ಕೆಲಸಗಳಿಗೆ ಸರಿಯಬೇಕಾಗಿತ್ತು.

ಈ ತಿರುವನ್ನು ದಾಟಿದವರಲ್ಲಿ ೧೯೧೪ರಲ್ಲಿ ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ ಹುಟ್ಟಿ ನೂರು ವರ್ಷಕ್ಕೂ ಮೀರಿ ಬಾಳಿದ ಬಾಳಪ್ಪನವರ ಉದಾಹರಣೆ ಸ್ಮರಣೀಯವಾದುದು. ತಾರುಣ್ಯದಲ್ಲಿ ಸ್ತ್ರೀಪಾತ್ರಗಳಿಂದ ಪ್ರಸಿದ್ಧರಾದ ಅವರು ಮುಂದೆ ಕಲಾವೈಭವ ನಾಟ್ಯ ಸಂಘವನ್ನು ನಡೆಸಿ, ಬಸವಣ್ಣನವರ ಪಾತ್ರದಿಂದ ಉತ್ತರ ಕರ್ಣಾಟಕದಲ್ಲೆಲ್ಲ ಪೂಜ್ಯರಾದರು. ಇನ್ನು ಕೆಲವರಿಗೆ ಕಂಪೆನಿಯು ಮತ್ತೊಂದು ಕಲೆಗೆ ಹೊಸ್ತಿಲಾಯಿತು. ೧೯೧೦ರಲ್ಲಿ ಧಾರವಾಡದ ಸಮೀಪದ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ವಾಮನರಾವ್ ಮಾಸ್ತರರ ಮಂಡಳಿಯಲ್ಲಿ ಬಾಲನಟರಾಗಿದ್ದರು. ನಾಟಕದಲ್ಲಿ ಅವರ ಹಾಡನ್ನು ಕೇಳಿ ಮೆಚ್ಚಿದ ನೀಲಕಂಠಬುವಾ ಅವರು ಆ ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಹಿಂದುಸ್ತಾನಿ ಸಂಗೀತದ ಮಹಾಗಾಯಕನನ್ನು ಗುರುವಿಗೆ ತೋರಿಸಿಕೊಟ್ಟದ್ದು ನಾಟಕದ ರಂಗವೇ.

೪

ಸ್ತ್ರೀಯರ ಮಾರ್ಗವು ಬೇರೆಯಾಗಿತ್ತು. ನಾಟಕಕ್ಕೆ ಬಂದ ಹೆಂಗಸನ್ನು ಸಮಾಜವು ಸಂದೇಹದಿಂದ ನೋಡುತ್ತಿದ್ದ ಕಾಲದಲ್ಲಿ ಅವರು ಕಲೆಯ ಜೊತೆಗೆ ತಮ್ಮ ಗೌರವವನ್ನೂ ಪ್ರತಿದಿನವೂ ಸಂಪಾದಿಸಿಕೊಳ್ಳಬೇಕಾಗಿತ್ತು. ಗುಬ್ಬಿ ಕಂಪೆನಿಯ ಮುಖ್ಯ ನಟಿಯೂ ವೀರಣ್ಣನವರ ಪತ್ನಿಯೂ ಆದ ಬಿ. ಜಯಮ್ಮನವರು ಕನ್ನಡದಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ (೧೯೪೫) ಮೊದಲಾದ ಚಿತ್ರಗಳಲ್ಲಿ ಪಾತ್ರವಹಿಸಿದುದಲ್ಲದೆ ತೆಲುಗಿನ ‘ಸ್ವರ್ಗಸೀಮ’ದಲ್ಲಿಯೂ ಕಾಣಿಸಿಕೊಂಡರು. ಚಂದ್ರಕಲಾ ನಾಟಕ ಮಂಡಳಿಯಿಂದ ಬಂದ ಎಂ. ವಿ. ರಾಜಮ್ಮನವರು ಆ ಮಂಡಳಿಯದೇ ನಾಟಕವಾದ ‘ಸಂಸಾರನೌಕೆ’ಯು ೧೯೩೬ರಲ್ಲಿ ವಾಕ್ಚಿತ್ರವಾದಾಗ ಅದರ ನಾಯಿಕೆಯಾದರು, ೧೯೪೩ರಲ್ಲಿ ‘ರಾಧಾರಮಣ’ವನ್ನು ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕರೆನಿಸಿಕೊಂಡರು. ಆದರೆ ನಟಿಯಾಗಿದ್ದವಳು ಯಜಮಾನಿಯಾಗುವ ಇಂತಹ ನಿದರ್ಶನಗಳು ವಿರಳ. ಎಷ್ಟೋ ನಟಿಯರ ಹೆಸರು ನಾಟಕದ ಹಸ್ತಪತ್ರಿಕೆಗಳ ಜೊತೆಯಲ್ಲಿಯೇ ಅಳಿದುಹೋಯಿತು.

೫

ವಾಕ್ಚಿತ್ರವು ಬಂದಾಗ ಮಂಡಳಿಗಳು ತಟ್ಟನೆ ನಾಶವಾದುವೆಂಬ ಅಭಿಪ್ರಾಯವು ಸರಿಯಲ್ಲ. ಮೊದಮೊದಲು ಮಂಡಳಿಗಳೇ ಚಿತ್ರಗಳಾದುವು. ೧೯೩೪ರಲ್ಲಿ ತೆರೆಕಂಡ ‘ಸತಿ ಸುಲೋಚನ’ವು ಕೊಲ್ಲಾಪುರದಲ್ಲಿ ತಯಾರಾಯಿತು. ವೈ. ವಿ. ರಾವ್ ಅವರು ಅದರ ನಿರ್ದೇಶಕರು. ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಸುಬ್ಬಯ್ಯನಾಯ್ಡು ಅವರು ಇಂದ್ರಜಿತುವಾಗಿಯೂ ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದರು. ಮಾತುಗಳನ್ನೂ ಹಾಡುಗಳನ್ನೂ ಬರೆದವರು ರಂಗಭೂಮಿಯ ಕವಿಗಳಾದ ಬೆಳ್ಳಾವೆ ನರಹರಿಶಾಸ್ತ್ರಿಗಳು. ಕಥೆ, ಹಾಡು, ನಟವರ್ಗ ಎಲ್ಲವೂ ರಂಗದಿಂದ ಬಂದುವು. ಯಂತ್ರ ಮಾತ್ರ ಹೊಸದು.

೧೯೫೪ರ ‘ಬೇಡರ ಕಣ್ಣಪ್ಪ’ವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಗುಬ್ಬಿ ಕಂಪೆನಿಯ ನಾಟಕವೊಂದು ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಿತ್ರವಾಯಿತು. ಅವರೇ ಹಿಂದೆ ‘ಸಂಸಾರನೌಕೆ’ಯನ್ನು ಬರೆದವರು. ಕಣ್ಣಪ್ಪನ ಪಾತ್ರ ವಹಿಸಿದ ಮುತ್ತುರಾಜರು ಅಂದಿನಿಂದ ರಾಜಕುಮಾರರಾದರು. ಜನರ ದೃಷ್ಟಿಗೆ ಇದು ಹೊಸ ನಕ್ಷತ್ರದ ಉದಯ. ಆದರೆ ೧೯೨೯ರಲ್ಲಿ ಹುಟ್ಟಿದ ಆತನ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪೆನಿಯ ನಟರು, ಮಗನೂ ಬಾಲ್ಯದಿಂದ ಅಲ್ಲಿಯೇ ಪಳಗಿದವನು. ಹಾಡಲು ಬಾರದವನು ನಟನೇ ಅಲ್ಲವೆಂಬ ಆ ಶಾಲೆಯ ನಿಯಮವು ಎಷ್ಟು ದೂರ ಫಲಿಸಿತೆಂಬುದಕ್ಕೆ, ‘ಜೀವನ ಚೈತ್ರ’ದ (೧೯೯೨) ಹಾಡಿಗಾಗಿ ರಾಜಕುಮಾರರಿಗೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂದುದೇ ಸಾಕ್ಷಿ. ‘ಬೇಡರ ಕಣ್ಣಪ್ಪ’ದ ನರಸಿಂಹರಾಜು ಅವರೂ ಬಾಲ್ಯದಿಂದ ನಾಟಕದವರು, ಜಿ. ವಿ. ಅಯ್ಯರ್ ಅವರು ನಂಜನಗೂಡಿನಿಂದ ಬಂದು ಗುಬ್ಬಿ ಕಂಪೆನಿಯಲ್ಲಿ ಬೆಳೆದವರು.

ಚಿತ್ರಗಳು ವಿರಳವಾಗಿದ್ದ ಆ ವರ್ಷಗಳಲ್ಲಿ ಈ ಮೂವರೂ ಬಾಲಕೃಷ್ಣ ಅವರೂ ಕೂಡಿ ಕಲಾವಿದರ ಸಂಘವೊಂದನ್ನು ಕಟ್ಟಿ, ಊರೂರಿನಲ್ಲಿ ನಾಟಕಗಳನ್ನಾಡಿದರು. ೧೯೬೦ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. ಕೆಲಸ ತಪ್ಪಿದಾಗ ಕೂಡಿ ಉಣ್ಣುವ, ಕೂಡಿ ದುಡಿಯುವ ಈ ರೀತಿಯು ಮಂಡಳಿಯ ಜೀವನದಿಂದ ಬಂದುದೆಂದು ಊಹಿಸುವುದು ಅಸಮಂಜಸವಾಗಲಾರದು. ಅಯ್ಯರ್ ಅವರ ಪಯಣವು ಅಲ್ಲಿಗೇ ನಿಲ್ಲಲಿಲ್ಲ. ಪೌರಾಣಿಕ ನಾಟಕದ ಹುಡುಗನಾಗಿ ಹೊರಟವರು ‘ಹಂಸಗೀತೆ’ಯನ್ನೂ (೧೯೭೫) ಸಂಸ್ಕೃತದ ‘ಆದಿ ಶಂಕರಾಚಾರ್ಯ’ವನ್ನೂ (೧೯೮೩) ನಿರ್ದೇಶಿಸಿದರು.

೬

ಹಳೆಯ ಶಾಲೆಗೂ ಹೊಸ ಶಾಲೆಗೂ ಸೇತುವೆಯಾದವರು ಬಿ. ವಿ. ಕಾರಂತರು (೧೯೨೯–೨೦೦೨). ದಕ್ಷಿಣ ಕನ್ನಡದ ಮಂಚಿಯಿಂದ ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪೆನಿಯನ್ನು ಸೇರಿದ ಈ ಹುಡುಗನನ್ನು ವೀರಣ್ಣನವರೇ ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳುಹಿಸಿದರು. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರಾಗಿ, ೧೯೮೯ರಲ್ಲಿ ಮೈಸೂರಿನ ರಂಗಾಯಣಕ್ಕೆ ಅಸ್ತಿಭಾರ ಹಾಕಿದರು. ಹೆಗ್ಗೋಡಿನ ನೀನಾಸಮ್ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅದರ ‘ತಿರುಗಾಟ’ವು ೧೯೮೫ರಿಂದ ನಾಟಕಗಳನ್ನು ಮತ್ತೆ ಊರೂರಿಗೆ ಒಯ್ದಿತು. ಹೊಸ ಶಾಲೆಯಲ್ಲಿ ಪಾಠಕ್ರಮವಿದೆ, ಅವಧಿಯಿದೆ, ಪ್ರಮಾಣಪತ್ರವಿದೆ. ಹಳೆಯದರಲ್ಲಿ ಇವು ಇರಲಿಲ್ಲ. ಆದರೆ ಕಲಿತವನಿಗೆ ಮರುದಿನ ರಾತ್ರಿಯೇ ಪಾತ್ರವಿತ್ತು, ಊಟವಿತ್ತು. ಕಲಿಕೆಯೂ ಜೀವನವೂ ಒಂದೇ ಸೂರಿನಡಿಯಲ್ಲಿದ್ದ ಆ ಏರ್ಪಾಡು ಮುರಿದ ಮೇಲೆ, ಶಿಕ್ಷಣ ಪಡೆದ ನಟನು ಜೀವನವನ್ನು ಬೇರೆಡೆಯಲ್ಲಿ ಅರಸಬೇಕಾಯಿತು.

ಹಳೆಯ ಏರ್ಪಾಡನ್ನು ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ಮಳೆ, ಬೆಂಕಿ, ಸಾಲ, ರೋಗಗಳಲ್ಲಿ ಯಾವುದೊಂದು ಬಂದರೂ ಮಂಡಳಿ ಒಡೆಯುತ್ತಿತ್ತು; ಒಡೆದಾಗ ಮಾಲೀಕನಿಗಿಂತ ಮೊದಲು ಬೀದಿಗೆ ಬೀಳುತ್ತಿದ್ದವನು ಸಣ್ಣ ಪಾತ್ರದ ನಟ. ಅವನ ಬಾಲ್ಯವು ಪಾಠಶಾಲೆಯಿಲ್ಲದೆ ಕಳೆದಿತ್ತು. ಬೇರೊಂದು ಕಸುಬು ಅವನಿಗೆ ತಿಳಿದಿರಲಿಲ್ಲ. ವೀರಣ್ಣನವರ ‘ಕಲೆಯೇ ಕಾಯಕ’, ಮನಸೂರರ ‘ನನ್ನ ರಸಯಾತ್ರೆ’, ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಇವು ಮೇಲೇರಿದವರ ಆತ್ಮಕಥೆಗಳು. ಮಧ್ಯದ ಮೆಟ್ಟಿಲುಗಳಲ್ಲಿ ನಿಂತುಹೋದವರು ಆತ್ಮಕಥೆ ಬರೆಯಲಿಲ್ಲ. ಅವರ ಕಥೆಯು ಮೇಲೇರಿದವರ ಪುಸ್ತಕಗಳ ಸಾಲುಗಳ ನಡುವೆ, ಹಳೆಯ ಹಸ್ತಪತ್ರಿಕೆಗಳಲ್ಲಿ, ಮಂಡಳಿಗಳ ಲೆಕ್ಕದ ಪುಸ್ತಕಗಳಲ್ಲಿ ಚದುರಿಕೊಂಡಿದೆ. ಇಂತಹ ಸಾಮಗ್ರಿಯು ಉಳಿದಿರುವಷ್ಟನ್ನಾದರೂ ಸಂಗ್ರಹಿಸಿ, ನಾಟಕಕೃತಿಯೊಡನೆ ಅದನ್ನು ಆಡಿದವನ ಬದುಕನ್ನೂ ವಿದ್ಯಾರ್ಥಿಗಳ ಮುಂದಿಡುವುದು ಸಾಹಿತ್ಯಾಧ್ಯಾಪಕರ ಕರ್ತವ್ಯಗಳಲ್ಲೊಂದು. ನಟನನ್ನು ಬಿಟ್ಟು ಬರೆದ ನಾಟಕದ ಚರಿತ್ರೆಯು ಅರ್ಧ ಚರಿತ್ರೆಯೇ ಸರಿ.